ಕಥೆ ನಡುವೆ ಜೋಲುತ್ತಿದೆ: ಫ್ಲ್ಯಾಶ್‌ಬ್ಯಾಕ್ ಹಾಕಲೇ, ‘ನಾನು’ ಎಂದು ಬರೆಯಲೇ?

ಸದ್ಯಕ್ಕೆ ಎರಡೂ ಬೇಡ. ನೀವು ಹೇಳಿದ ಕಥೆ ಇಷ್ಟು: ಶಿರಸಿ ಕಡೆಯ ಅಣ್ಣ ಅಡಿಕೆ ತೋಟ ಅಡವಿಟ್ಟಿದ್ದಾನೆ, ಬೆಂಗಳೂರಿನ ತಮ್ಮನಿಗೆ ಗೊತ್ತಿಲ್ಲ, ಮಾರಿಕಾಂಬಾ ಜಾತ್ರೆಗೆ ಅವನು ಊರಿಗೆ ಬಂದಿದ್ದಾನೆ. ಗುಟ್ಟು ಒಡೆಯುವುದು ಕೊನೆಯ ಪುಟದಲ್ಲಿ. ಅಲ್ಲಿಯವರೆಗೆ ಓದುವವರು ಯಾತಕ್ಕೆ ಕಾಯಬೇಕು? ಜೋಲುವುದು ಅದಕ್ಕೇ.

ಗುಟ್ಟು ಓದುಗರಿಗೆ ಯಾವಾಗ ಗೊತ್ತಾಗಬೇಕು ಎಂಬುದನ್ನು ಮೊದಲು ನಿರ್ಧರಿಸಿ. ತಮ್ಮನ ಜೊತೆಗೇ ಎಂದಾದರೆ ತಮ್ಮನೇ ‘ನಾನು’ ಆಗಲಿ, ಆದರೆ ದಾರಿಯುದ್ದಕ್ಕೂ ಸುಳಿವು ಬೇಕು: ತೋಟದ ಮಾತು ಬಂದರೆ ಅಣ್ಣ ಎದ್ದು ಹೋಗುವುದು, ಫಸಲನ್ನು ಈ ಸಲ ಗುತ್ತಿಗೆಗೆ ಕೊಟ್ಟಿರುವುದು. ಮೂರು ಸುಳಿವು ಸಾಕು, ಹೆಚ್ಚಾದರೆ ಓದುಗರು ಮೊದಲೇ ಊಹಿಸಿಬಿಡುತ್ತಾರೆ. (ಪಹಣಿ ಈಗ ಆನ್‌ಲೈನಿನಲ್ಲೇ ಸಿಗುತ್ತದೆ, ಋಣದ ಕಾಲಮ್ಮಿನಲ್ಲಿ ಸಾಲವೂ ಕಾಣುತ್ತದೆ. ತಮ್ಮ ಅದನ್ನೇಕೆ ನೋಡಿಲ್ಲ ಎನ್ನುವುದಕ್ಕೊಂದು ಕಾರಣ ಇಟ್ಟುಕೊಳ್ಳಿ.)

ಅಣ್ಣ ‘ನಾನು’ ಆದರೆ ಮುಚ್ಚಿಡುವ ಹಾಗಿಲ್ಲ. ತನಗೆ ಗೊತ್ತಿದ್ದನ್ನು ಹತ್ತು ಪುಟ ಅಡಗಿಸಿಟ್ಟ ನಿರೂಪಕನನ್ನು ಓದುಗರು ಮತ್ತೆ ನಂಬುವುದಿಲ್ಲ. ಮೊದಲ ಪ್ಯಾರಾದಲ್ಲೇ ಸಾಲದ ಸುದ್ದಿ ಹೇಳಿಬಿಡಿ. ನನ್ನ ಆಯ್ಕೆ ಇದೇ. ಆಮೇಲೆ ತಮ್ಮ ಸುಮ್ಮನೆ ತೋಟದ ಕಡೆ ಚಪ್ಪಲಿ ಮೆಟ್ಟಿದರೂ ಓದುಗರಿಗೆ ಎದೆ ಹೊಡೆದುಕೊಳ್ಳುತ್ತದೆ.

‘ಅವನು’ ಎಂದೇ ಬರೆಯುವುದಾದರೆ ‘ಎಂದುಕೊಂಡ’, ‘ಅನಿಸಿತು’ ಇವನ್ನು ಆದಷ್ಟು ಕಿತ್ತುಹಾಕಿ. ‘ನಾಳೆ ತಮ್ಮ ಕೇಳಿದರೆ ಏನು ಹೇಳುವುದು ಎಂದು ಅವನು ಚಿಂತಿಸಿದ’ ಎನ್ನುವ ಬದಲು ‘ನಾಳೆ ಕೇಳಿದರೆ? ಕಾಗದ ವಕೀಲರ ಹತ್ತಿರ ಇದೆ ಅಂದರಾಯಿತು’ ಎನ್ನಿ. ಮನಸ್ಸಿನ ಮಾತು ನೇರವಾಗಿ ಕೇಳಿಸುತ್ತದೆ.

ಫ್ಲ್ಯಾಶ್‌ಬ್ಯಾಕ್ ಬರಬೇಕಾದದ್ದು ‘ಸಾಲ ಯಾಕೆ ಮಾಡಿದ?’ ಎಂಬ ಪ್ರಶ್ನೆ ಓದುಗರಲ್ಲಿ ಹುಟ್ಟಿದ ಮೇಲೆ. ಅದಕ್ಕಿಂತ ಮುಂಚೆ ಬಂದರೆ ಬರೀ ಹಳೇ ಲೆಕ್ಕ. ‘ಬಂದಿದ್ದ, ಹೇಳಿದ್ದ, ಕೊಟ್ಟಿದ್ದ’ ಎಂದು ಪ್ಯಾರಾಗಟ್ಟಲೆ ಎಳೆದರೆ ಕಿವಿ ದಣಿಯುತ್ತದೆ. ಮೊದಲ ಎರಡು ವಾಕ್ಯ ‘ಇದ್ದ’ ರೂಪದಲ್ಲಿರಲಿ, ಮುಂದೆ ‘ಬಂದ, ಹೇಳಿದ’ ಸಾಕು. ವರ್ತಮಾನಕ್ಕೆ ಮರಳುವಾಗ ಜಾತ್ರೆಯ ಗದ್ದಲವನ್ನೋ ಅಡುಗೆಮನೆಯ ಕೂಗನ್ನೋ ತನ್ನಿ.

ಶಿರಸಿ ಕಡೆಯ ಹವ್ಯಕ ಮಾತು ಸಂಭಾಷಣೆಯಲ್ಲಿ ಮಾತ್ರ ಇರಲಿ. ‘ಆಸರಿಗೆ’, ‘ಅಡ್ಡಿಲ್ಲೆ’ ಥರದ ಪದಗಳಿಗೆ ಆವರಣದಲ್ಲಿ ಅರ್ಥ ಕೊಡಬೇಡಿ. ಅತ್ತಿಗೆ ‘ಆಸರಿಗೆ’ ಎನ್ನುತ್ತಾ ಮಜ್ಜಿಗೆ ಲೋಟ ಹಿಡಿದು ಬಂದರೆ ಅದು ಕುಡಿಯಲು ಕೊಡುವುದೆಂದು ಕಾರವಾರದವರಿಗೂ ಬೀದರದವರಿಗೂ ತಿಳಿಯುತ್ತದೆ.

ಇನ್ನೂ ಅನುಮಾನವಿದ್ದರೆ ತಮ್ಮ ಬಸ್ಸಿಳಿದು ಮನೆಗೆ ಬರುವ ದೃಶ್ಯವೊಂದನ್ನೇ ಇಬ್ಬರ ಬಾಯಲ್ಲೂ 300 ಪದ ಬರೆದು ಗಟ್ಟಿಯಾಗಿ ಓದಿ. ವಿವರಣೆ ಕಡಿಮೆ ಬೇಡಿದ್ದನ್ನು ಇಟ್ಟುಕೊಳ್ಳಿ.