ಮಂಗೋಲರ ದಾಳಿಯಿಂದ ಜಗತ್ತಿಗೆ ಕೊನೆಗೆ ಉಳಿದಿದ್ದೇನು?

ಮಂಗೋಲರು ಬರೀ ಊರು ಸುಟ್ಟರಾ, ಇಲ್ಲಾ ಅವರಿಂದ ಏನಾದರೂ ಉಳಿಯಿತಾ ಅಂತ ಕೇಳಿದ್ದೀರಿ. ಎರಡೂ ನಿಜ. ಆದರೆ ಸಾವುನೋವಿನ ಮಾತು ಮೊದಲು ಬರಬೇಕು. 1258ರಲ್ಲಿ ಮಂಗೋಲ್ ದೊರೆ ಚೆಂಗಿಸ್ ಖಾನನ ಮೊಮ್ಮಗ ಹುಲಗು ಖಾನನ ಸೇನೆ ಬಾಗ್ದಾದಿಗೆ ನುಗ್ಗಿ ಊರನ್ನು ಹಾಳುಗೆಡವಿತು, ಖಲೀಫನನ್ನೂ ಕೊಂದಿತು. ಖಲೀಫರ ಮನೆತನವಾದ ಅಬ್ಬಾಸಿದರ ಐನೂರು ವರ್ಷದ ಆಳ್ವಿಕೆ ಅಲ್ಲಿಗೆ ಮುಗಿಯಿತು. ಆಮೇಲೆ ವ್ಯಾಪಾರ ಬೆಳೆಯಿತು ಅಂತ ಇದನ್ನು ಸುಮ್ನೆ ಮರೆಯೋದು ನನಗಂತೂ ಸರಿ ಅನ್ನಿಸಲ್ಲ.

ಚೀನಾದಿಂದ ಇರಾನಿನವರೆಗಿನ ನಾಡೆಲ್ಲ ಮಂಗೋಲರ ಒಂದೇ ಮನೆತನದ ಕೈಗೆ ಬಂದಾಗ ದಾರಿಗಳು ತೆರೆದವು. ದಾರಿಯುದ್ದಕ್ಕೂ 'ಯಾಮ್' ಎಂಬ ಅಂಚೆ ಠಾಣೆಗಳಿದ್ದವು. ಖಾನನ ದೂತ 'ಪೈಜಾ' ಎಂಬ ಬಿಲ್ಲೆ ತೋರಿಸಿದರೆ ಸಾಕು, ಹೊಸ ಕುದುರೆ, ಊಟ, ತಂಗಲು ಜಾಗ ಸಿಗುತ್ತಿತ್ತು.

ನನಗೆ ಜಾಸ್ತಿ ಇಷ್ಟವಾಗೋದು ಪಿಂಗಾಣಿಯ ಕಥೆ. ಬಿಳಿ ಮೈ ಮೇಲೆ ನೀಲಿ ಬಳ್ಳಿ ಬಿಡಿಸಿದ ಚೀನಾದ ಹೂದಾನಿ ನೋಡಿರ್ತೀರಿ, ಅಲ್ವಾ? 14ನೇ ಶತಮಾನದಲ್ಲಿ ಜಿಂಗ್‌ಡೆಝೆನ್ ಊರಿನ ಕುಂಬಾರರು ಅದರಲ್ಲಿ ಪಳಗಿದರು. ಮಣ್ಣು ಚೀನಾದ್ದು. ನೀಲಿ ಬಣ್ಣಕ್ಕೆ ಬೇಕಾದ ಕೋಬಾಲ್ಟ್ ಇರಾನಿನ ಕಡೆಯಿಂದ ಬರುತ್ತಿತ್ತು. ಸುಟ್ಟ ಪಾತ್ರೆಗಳು ಮತ್ತೆ ಪಶ್ಚಿಮಕ್ಕೇ ಮಾರಾಟಕ್ಕೆ ಹೋದವು. ಅಂಥವು ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆಯಲ್ಲಿ ಇಂದಿಗೂ ಇವೆ.

ಬೀಜಿಂಗ್ ಇಡೀ ಚೀನಾಕ್ಕೆ ರಾಜಧಾನಿಯಾಗಿದ್ದು ಚೀನಾ ಆಳಿದ ಮಂಗೋಲ್ ದೊರೆ ಕುಬ್ಲಾಯ್ ಖಾನನ ಕಾಲದಲ್ಲೇ. ನಮ್ಮ 'ಮೊಗಲ್' ಅನ್ನೋ ಪದವೂ 'ಮಂಗೋಲ್'ನ ಪರ್ಶಿಯನ್ ರೂಪ. ಬಾಬರನ ತಾಯಿ ಚೆಂಗಿಸ್ ಖಾನನ ವಂಶದವಳು.