ತಮ್ಮ ಬೇರೆ ಸಭೆ ಸೇರಿದರೆ ಮನೆ ಒಡೆಯಬೇಕಾ?

ಸಿಂಧನೂರಿನ ಸಹೋದರಿಯೊಬ್ಬರು ಬರೆದಿದ್ದಾರೆ: "ನಮ್ಮದು ಅಜ್ಜನ ಕಾಲದಿಂದ ಮೆಥಡಿಸ್ಟ್ ಮನೆತನ. ಬೆಂಗಳೂರಿಗೆ ಗುಳೆ ಹೋಗಿದ್ದ ತಮ್ಮ ಅಲ್ಲಿ ಒಂದು ಪ್ರಾರ್ಥನಾ ಕೂಟ ಸೇರಿ, ಮತ್ತೆ ದೀಕ್ಷಾಸ್ನಾನ ತಗೊಂಡು ಬಂದಿದ್ದಾನೆ. ಹೆಂಡತಿಯ ಓಲೆ, ಹೂವು ಬಿಡಿಸಿದ್ದಾನೆ. 'ಕೂಸಿದ್ದಾಗ ನೀರು ಚಿಮುಕಿಸಿದ್ದು ದೀಕ್ಷಾಸ್ನಾನ ಅಲ್ಲ, ನಿನಗೆ ರಕ್ಷಣೆ ಇಲ್ಲ' ಅಂತ ಅವ್ವನಿಗೆ ಹೇಳಿದ್ದಾನೆ. ಅವ್ವ ಸರಿಯಾಗಿ ಊಟ ಮಾಡುತ್ತಿಲ್ಲ. ಇಂಥವನ ಜೊತೆ ಸಂಬಂಧ ಇಟ್ಟುಕೊಳ್ಳಬೇಕಾ?"

ಪ್ರಿಯ ಸಹೋದರಿ,

ಇಟ್ಟುಕೊಳ್ಳಿ. ಆದರೆ ಮೊದಲು ಅವ್ವನ ವಿಷಯ. ಯಾರಿಗೆ ರಕ್ಷಣೆ ಇದೆ, ಯಾರಿಗಿಲ್ಲ ಅಂತ ತೀರ್ಪು ಕೊಡುವ ಅಧಿಕಾರ ನಿಮ್ಮ ತಮ್ಮನಿಗಿಲ್ಲ, ಅವನ ಪಾಸ್ಟರಿಗೂ ಇಲ್ಲ. ಇದನ್ನು ಅವನ ಎದುರು ಕೂತು ಹೇಳಿ, ವಾಟ್ಸಾಪ್‌ನಲ್ಲಿ ಬೇಡ. ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ಅವ್ವನಿಗೆ ಕೊಟ್ಟ ದೀಕ್ಷಾಸ್ನಾನವನ್ನು ನಿಮ್ಮ ಸಭೆಯಷ್ಟೇ ಅಲ್ಲ, ಸಿಎಸ್‌ಐನವರೂ (ದಕ್ಷಿಣ ಭಾರತ ಸಭೆ) ಕ್ಯಾಥೊಲಿಕರೂ ಒಪ್ಪುತ್ತಾರೆ. ನಿಮ್ಮ ಪಾಸ್ಟರನ್ನು ಮನೆಗೆ ಕರೆಸಿ, ಅವರ ಬಾಯಿಂದಲೇ ಅವ್ವನಿಗೆ ಈ ಮಾತು ಹೇಳಿಸಿ.

ಈ ಜಗಳ ನಿಮ್ಮ ಮನೆಯಲ್ಲಿ ಹುಟ್ಟಿದ್ದಲ್ಲ. ನಂಬಿಕೆ ಅರಿಕೆ ಮಾಡಿದವರಿಗೇ ದೀಕ್ಷಾಸ್ನಾನ ಅಂತ 1525ರಲ್ಲಿ ಜೂರಿಚ್‌ನಲ್ಲಿ ಕೆಲವರು ಮತ್ತೆ ಸ್ನಾನ ತಗೊಂಡರು. 1527ರ ಜನವರಿಯಲ್ಲಿ ಅವರಲ್ಲೊಬ್ಬನಾದ ಫೆಲಿಕ್ಸ್ ಮಾಂಟ್ಸ್‌ನನ್ನು ಕೈ ಕಟ್ಟಿ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. ಕೊಂದವರೂ ಪ್ರೊಟೆಸ್ಟೆಂಟರೇ. ಪ್ರಶ್ನೆ ಇನ್ನೂ ಹಾಗೇ ಇದೆ. ನೀವಿಬ್ಬರೂ ಸೇರಿ ಅದನ್ನು ಬಗೆಹರಿಸಲೇಬೇಕು ಅಂತೇನಿಲ್ಲ.

ಇನ್ನೊಂದು ಮಾತು. ಹೊಸ ಕೂಟದವರನ್ನು ನಾವು ಹಗುರವಾಗಿ ನೋಡುತ್ತೇವೆ, ಅಲ್ವಾ? 1739ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಹತ್ತಿರ, ಮೆಥಡಿಸ್ಟ್ ಚಳವಳಿ ಶುರುಮಾಡಿದ ಜಾನ್ ವೆಸ್ಲಿ ಬಯಲಲ್ಲಿ ನಿಂತು ಕಲ್ಲಿದ್ದಲು ಗಣಿಯ ಕೂಲಿಗಳಿಗೆ ಬೋಧಿಸಿದಾಗ, ದೊಡ್ಡ ಚರ್ಚಿನವರು ಅವರನ್ನೂ ಹಾಗೇ ನೋಡಿದ್ದರು. ನಿಮ್ಮ ಸಭೆಯ ಬೇರು ಆ ಬಯಲಿನಲ್ಲೇ ಇದೆ. ಗುಳೆ ಹೋದವರ ಪಾಡು ನಿಮಗೆ ಗೊತ್ತು. ತಗಡಿನ ಶೆಡ್ಡು, ಮಗುವಿಗೆ ರಾತ್ರಿ ಜ್ವರ, ಪರಿಚಯದವರು ಒಬ್ಬರೂ ಇಲ್ಲ. ಅಂಥ ಹೊತ್ತಲ್ಲಿ ಬೈಕ್ ಹತ್ತಿ ಬಂದು ಪ್ರಾರ್ಥನೆ ಮಾಡಿದ ಪಾಸ್ಟರ ಮಾತನ್ನು ಜನ ನಂಬುತ್ತಾರೆ. ಊರಿನ ಸಭೆಯ ಪಟ್ಟಿಯಲ್ಲಿ ಹೆಸರಿತ್ತು, ನಿಜ. ಆದರೆ ಅಲ್ಲಿಂದ ಯಾರಾದರೂ ನಿಮ್ಮ ತಮ್ಮನಿಗೆ ಒಂದು ಫೋನ್ ಮಾಡಿದ್ದರಾ? ಅವನನ್ನೇ ಕೇಳಿ ನೋಡಿ.

ಓಲೆಯ ವಿಷಯಕ್ಕೆ ತಮ್ಮನನ್ನಲ್ಲ, ಅವನ ಹೆಂಡತಿಯನ್ನು ಕೇಳಿ. ಮನಸ್ಸಿಟ್ಟು ತೆಗೆದಿದ್ದರೆ ಅವಳನ್ನು ಅವಳ ಪಾಡಿಗೆ ಬಿಡಿ. ಗಂಡನ ಬಲವಂತಕ್ಕೆ ತೆಗೆದಿದ್ದರೆ ಅವಳ ಪರವಾಗಿ ಗಟ್ಟಿಯಾಗಿ ನಿಲ್ಲಿ. ಒಡವೆ ಬೇಡ ಅನ್ನುವವರು ಬೈಬಲಿನ 1 ಪೇತ್ರ 3:3 ತೋರಿಸುತ್ತಾರೆ. ನಾಲ್ಕೇ ವಚನ ಕೆಳಗೆ, ಹೆಂಡತಿಗೆ ಗೌರವ ಕೊಡಿ ಅಂತ ಗಂಡಂದಿರಿಗೆ ಹೇಳಿದೆ. ಅದನ್ನೂ ಓದಿಸಿ.

ಈ ಭಾನುವಾರ ಅವನ ಕೂಟಕ್ಕೆ ಹೋಗಿ ಕೂತು ಬನ್ನಿ. ಮುಂದಿನ ವಾರ ನಿಮ್ಮ ಸಭೆಗೆ ಅವನನ್ನು ಕರೆಯಿರಿ. ಬರದಿದ್ದರೆ ಮತ್ತೆ ಕರೆಯಿರಿ. ಏನಾಯಿತು ಅಂತ ನನಗೆ ಬರೆಯಿರಿ.

— ಸಂಪಾದಕ