ನಿಮ್ಮ ಲೇಖನ ಶುರುವಾಗುವುದೇ ಒಂಬತ್ತನೇ ಪುಟದಲ್ಲಿ

ಸುಬೇದಾರರೇ, ನಮಸ್ಕಾರ.

'ಸೇನೆಯಲ್ಲಿ ಸಾಂಸ್ಥಿಕ ಅಭಿವೃದ್ಧಿ', ಅಂದರೆ ಸಂಸ್ಥೆಯೊಂದು ತನ್ನ ಕೆಲಸದ ರೀತಿಯನ್ನು ತಿದ್ದಿಕೊಳ್ಳುವ ಬಗೆಯ ಮೇಲೆ ನೀವು ಬರೆದ ಲೇಖನ, ತಲುಪಿತು. ಎರಡು ಸಲ ಓದಿದೆ. ಈಗಿರುವ ಹಾಗೇ ಹಾಕಲು ಆಗುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ, ಕಾರಣ ಹೇಳುತ್ತೇನೆ.

ಮೊದಲ ಎಂಟು ಪುಟ ಬರೀ ವ್ಯಾಖ್ಯಾನ. ಹೆಪ್ಪುಗಟ್ಟಿದ್ದನ್ನು ಕರಗಿಸು, ಬದಲಿಸು, ಮತ್ತೆ ಗಟ್ಟಿ ಮಾಡು ಅನ್ನುವ, ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್‌ನ ಮೂರು ಹಂತವನ್ನೇ ನಾಲ್ಕು ಕಡೆ ಹೇಳಿದ್ದೀರಿ. ನಮ್ಮ ಪತ್ರಿಕೆಯನ್ನು ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವರು ಓದುತ್ತಾರೆ, ಶಿರಾದ ಮೇಷ್ಟ್ರು ಓದುತ್ತಾರೆ. ಎರಡನೇ ಪುಟಕ್ಕೇ ಮಡಚಿ ಇಡುತ್ತಾರೆ.

ಒಂಬತ್ತನೇ ಪುಟದಲ್ಲಿ ಕೆಲವೇ ಸಾಲುಗಳಿವೆ. ಯುನಿಟ್‌ನ ಜವಾನರೆಲ್ಲ ಸೇರುವ ಸೈನಿಕ ಸಮ್ಮೇಳನದಲ್ಲಿ ಸಿಓ ಸಾಹೇಬರು, ಅಂದರೆ ಯುನಿಟ್‌ನ ಮುಖ್ಯಸ್ಥರು, 'ಕೋಯಿ ಪಾಯಿಂಟ್?' (ಯಾರಿಗಾದರೂ ಏನಾದರೂ ಹೇಳುವುದಿದೆಯಾ?) ಎಂದು ಕೇಳುತ್ತಾರೆ. ಯಾರೂ ಉಸಿರೆತ್ತುವುದಿಲ್ಲ. ಕೊನೆಗೆ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, ಲಂಗರಿನ, ಅಂದರೆ ಸೇನೆಯ ಅಡುಗೆಮನೆಯ ರೊಟ್ಟಿ ಹಸಿಯಾಗಿರುತ್ತೆ ಅನ್ನುತ್ತಾನೆ. ನಿಮ್ಮದೇ ಪ್ಲಟೂನಿನ ಹುಡುಗ. ನಿಮ್ಮ ಕಿವಿ ಬಿಸಿಯಾಯಿತಂತೆ. ಅಷ್ಟು ಬರೆದು ಮತ್ತೆ ವ್ಯಾಖ್ಯಾನಕ್ಕೆ ಓಡಿಬಿಟ್ಟಿದ್ದೀರಲ್ಲ!

ಅಲ್ಲಿಂದಲೇ ಶುರು ಮಾಡಿ. ಸಮ್ಮೇಳನ ಮುಗಿದ ಮೇಲೆ ಅವನನ್ನು ಬೈದಿರಾ? ಮಾರನೇ ದಿನ ರೊಟ್ಟಿ ಬೆಂದಿತ್ತಾ? ಕೆಳಗಿನವನು ಮೇಲಿನವರಿಗೆ ನಿಜ ಹೇಳಬಹುದಾ ಅನ್ನುವುದೇ ನಿಮ್ಮ ವಿಷಯ. ತಕ್ಕಡಿ ಸರಿಯಿಲ್ಲ ಅಂತ ಹಮಾಲಿ ಸಾಹುಕಾರರಿಗೆ ಹೇಳೋದು ಎಷ್ಟು ಕಷ್ಟ, ಮಂಡಿಯವರಿಗೆ ಗೊತ್ತು. ತಕ್ಷಣ ಹತ್ತುತ್ತದೆ.

ಇನ್ನೊಂದು. ಈ ಪದ್ಧತಿಗಳೆಲ್ಲ ಕಂಪನಿಗಳಿಂದ ಸೇನೆಗೆ ಬಂದವು ಎಂದಿದ್ದೀರಿ. ಅರ್ಧ ಮಾತ್ರ ಸರಿ. 1970ರ ದಶಕದಲ್ಲಿ ಅಮೆರಿಕದ ಸೇನೆ ಇದಕ್ಕೆಂದೇ ಕ್ಯಾಲಿಫೋರ್ನಿಯಾದ ಸೇನಾ ನೆಲೆ ಫೋರ್ಟ್ ಆರ್ಡ್‌ನಲ್ಲಿ ಅಧಿಕಾರಿಗಳಿಗೆ ತರಬೇತಿ ಕೊಟ್ಟಿತು. 1985ರಲ್ಲಿ ಆ ಕಾರ್ಯಕ್ರಮ ನಿಂತೇ ಹೋಯಿತು. ಗಟ್ಟಿಯಾಗಿ ಉಳಿದದ್ದು ಸೇನೆಯೊಳಗೇ ಬೆಳೆದ 'ಆಫ್ಟರ್ ಆ್ಯಕ್ಷನ್ ರಿವ್ಯೂ'. ಅಣಕು ಯುದ್ಧ ಮುಗಿದ ಕೂಡಲೇ ಎಲ್ಲರೂ ಒಟ್ಟಿಗೆ ಕೂರುತ್ತಾರೆ. ಏನಾಗಬೇಕಿತ್ತು, ಏನಾಯಿತು, ಯಾಕೆ, ಮುಂದೇನು ಎಂದು ಮಾತಾಡುತ್ತಾರೆ. ಕ್ಯಾಪ್ಟನ್ ಎಡವಿದ್ದನ್ನು ಸಿಪಾಯಿಯೂ ಹೇಳಬಹುದು. ಕ್ಯಾಲಿಫೋರ್ನಿಯಾದ್ದೇ ಇನ್ನೊಂದು ನೆಲೆ ಫೋರ್ಟ್ ಇರ್ವಿನ್‌ನ ಮರುಭೂಮಿಯಲ್ಲಿ ಪಳಗಿದ ಈ ಪದ್ಧತಿಯನ್ನು ಆಮೇಲೆ ಕಂಪನಿಗಳೇ ಸೇನೆಯಿಂದ ಕಲಿತವು. ನಿಮ್ಮ ರೊಟ್ಟಿ ಹುಡುಗನ ಪಕ್ಕದಲ್ಲಿ ಇದನ್ನು ಇಡಿ. ಅಲ್ಲಿ ಬಾಯಿ ಬಿಡುವುದೂ ಕವಾಯತಿನ ಭಾಗ, ನಿಮ್ಮ ಹುಡುಗ ಮಾತ್ರ ತನ್ನ ಧೈರ್ಯದ ಮೇಲೆ ಎದ್ದವನು.

ಅಗ್ನಿಪಥದ ಪುಟ ಬೇರೆಯದೇ ಲೇಖನ, ಸದ್ಯಕ್ಕೆ ಬಿಡಿ. 'ಸಾಂಸ್ಥಿಕ' ಅನ್ನುವ ಪದ ಎರಡು ಸಲಕ್ಕಿಂತ ಜಾಸ್ತಿ ಬೇಡ. ಯುನಿಟ್ ಹೆಸರೂ ಬೇಡ. ನಾಲ್ಕು ಪುಟ ಸಾಕು, ಕೈಬರಹವಾದರೂ ನಡೆಯುತ್ತೆ. ಗುಬ್ಬಿಯಿಂದ ತುಮಕೂರಿಗೆ ಬಂದಾಗ ಬಿ.ಎಚ್. ರಸ್ತೆಯ ನಮ್ಮ ಆಫೀಸಿಗೇ ತಂದುಕೊಡಿ. ಆ ಹುಡುಗನಿಗೆ ಏನಾಯಿತು ಅಂತ ನನಗಂತೂ ಕೇಳಬೇಕಿದೆ.